ಬೆವರಿಗೂ ಕರೆಂಟ್ ಬಿಲ್ಲು!

ಈ ಇಪ್ಪತ್ತೇಳು ವರ್ಷದಲ್ಲಿ ನಮ್ಮ ಪುಣೆ ಕ್ಯಾಂಪಿನಲ್ಲಿ ಏನೇನು ಹೆಚ್ಚಾಗಿದೆ ಅಂತ ಯಾರಾದರೂ ಕೇಳಿದರೆ ನಾನು ಮೂರು ಹೆಸರು ಹೇಳುತ್ತೇನೆ: ಮೊಬೈಲ್ ಅಂಗಡಿ, ಪಾರ್ಕಿಂಗ್ ಜಗಳ, ಜಿಮ್ಮು. ನಾನು ಗದಗಿನಿಂದ ಇಲ್ಲಿಗೆ ಬಂದಾಗ ಕ್ಯಾಂಪಿನ ಹಿರಿಯರ ವ್ಯಾಯಾಮ ಅಂದರೆ ರೇಸ್ ಕೋರ್ಸಿನಲ್ಲಿ ಬೆಳಗಿನ ವಾಕಿಂಗ್, ಹುಡುಗರದ್ದು ಸೈಕಲ್ಲು. ಈಗ ಎಂ.ಜಿ. ರೋಡು, ಈಸ್ಟ್ ಸ್ಟ್ರೀಟಿನ ಸುತ್ತಮುತ್ತ ಎಲ್ಲಿ ತಲೆಯೆತ್ತಿ ನೋಡಿದರೂ ಮೊದಲ ಮಹಡಿಯಲ್ಲಿ ಗಾಜಿನ ಗೋಡೆ, ಅದರ ಹಿಂದೆ ಸಾಲಾಗಿ ಎಲ್ಲಿಗೂ ಹೋಗದೆ ಓಡುತ್ತಿರುವ ಜನ!

ತಪ್ಪು ತಿಳಿಯಬೇಡಿ. ನಾನು ಜಿಮ್ಮಿನ ವಿರೋಧಿ ಅಲ್ಲ. ವಾರಕ್ಕೆ ಮೂರು ದಿನ ನಾನೂ ಹೋಗುತ್ತೇನೆ. ಐವತ್ತು ದಾಟಿದ ಮೇಲೆ ಬರೀ ನಡೆದರೆ ಸಾಲದು, ಸ್ನಾಯುಗಳಿಗೂ ಕೆಲಸ ಕೊಡಬೇಕು ಅನ್ನೋದು ಡಾಕ್ಟರರ ಮಾತು, ಅದು ನಿಜ ಕೂಡ. ನನ್ನ ತಕರಾರು ಇಷ್ಟೇ... ಮೈಯಲ್ಲಿರುವ ಶಕ್ತಿಯನ್ನು ಖರ್ಚು ಮಾಡಲಿಕ್ಕೆ ಇಷ್ಟೊಂದು ಕರೆಂಟು ಯಾಕೆ ಖರ್ಚಾಗಬೇಕು? ನಮ್ಮ ಹಳ್ಳಿಯ ಅಜ್ಜನಿಗೆ ಇದನ್ನು ಹೇಳಿದರೆ "ಹೊಟ್ಟಿ ಕರಗಸಾಕ ಲೈಟ್ ಬಿಲ್ ಕಟ್ಟತೀರೇನಪಾ?" ಅಂತ ಕೇಳಿಯಾನು. ಉತ್ತರ ಏನು ಕೊಡೋಣ?

ಇದೆಲ್ಲ ಈಗ ಯಾಕೆ ನೆನಪಾಯಿತು ಅಂದರೆ, ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ನೆಲಮಹಡಿಯ ಹಾಲನ್ನು ಜಿಮ್ ಮಾಡುವ ಪ್ರಸ್ತಾಪ ಬಂದಿದೆ. ಸೆಕ್ರೆಟರಿ ಸಾಹೇಬರು ಒಂದು ಕೊಟೇಶನ್ ತರಿಸಿದ್ದಾರೆ. ಕರೆಂಟಿನ ಟ್ರೆಡ್‌ಮಿಲ್ ನಾಲ್ಕು, ಎರಡು ಎಸಿ, ಗೋಡೆ ತುಂಬ ಕನ್ನಡಿ, ಒಂದು ದೊಡ್ಡ ಟಿವಿ. ಮುಂದಿನ ಸಭೆಯಲ್ಲಿ ಮತಕ್ಕೆ ಹಾಕುತ್ತಾರಂತೆ. ಹಣ ಎಲ್ಲರ ಮೇಂಟೆನೆನ್ಸಿನಿಂದಲೇ ಹೋಗಬೇಕು. ಅದಕ್ಕೇ ಒಂದು ಭಾನುವಾರ ಕಾಗದ ಪೆನ್ನು ಹಿಡಿದು ಕೂತು ಲೆಕ್ಕ ಹಾಕಿದೆ. ಆ ಲೆಕ್ಕವನ್ನು ನಿಮ್ಮ ಮುಂದೂ ಇಡುತ್ತೇನೆ, ನಿಮ್ಮ ಅಪಾರ್ಟ್‌ಮೆಂಟಿನಲ್ಲೂ ಉಪಯೋಗಕ್ಕೆ ಬರಬಹುದು.

ಒಬ್ಬ ಮನುಷ್ಯ ಮೇಲೆ ಓಡುತ್ತಿರುವಾಗ ಟ್ರೆಡ್‌ಮಿಲ್ ಮೋಟಾರು ಎಳೆಯೋದು ಸುಮಾರು 600ರಿಂದ 900 ವಾಟ್. ನಡುವೆ 700 ಅಂತ ಹಿಡಿಯಿರಿ. ನಾಲ್ಕು ಯಂತ್ರ, ದಿನಕ್ಕೆ ಐದೈದು ತಾಸು ಓಡಿದರೆ 14 ಯೂನಿಟ್. ತಿಂಗಳಿಗೆ 420. ಇನ್ನು ಎಸಿ. ದೊಡ್ಡ ಹಾಲಿಗೆ ಎರಡು ಎಸಿ, ಒಂದೊಂದು ಸರಾಸರಿ ಒಂದೂವರೆ ಕಿಲೋವಾಟ್, ದಿನಕ್ಕೆ ಹತ್ತು ತಾಸು ಅಂದರೆ 30 ಯೂನಿಟ್. ತಿಂಗಳಿಗೆ 900! ಒಟ್ಟು 1320 ಯೂನಿಟ್. ಯೂನಿಟ್ಟಿಗೆ ಹತ್ತು ರೂಪಾಯಿ ಅಂತ ಹಿಡಿದರೂ ತಿಂಗಳಿಗೆ ಹದಿಮೂರು ಸಾವಿರ ಚಿಲ್ಲರೆ. ನೋಡಿ, ಎಲ್ಲರೂ ಬೈಯೋದು ಟ್ರೆಡ್‌ಮಿಲ್ಲಿಗೆ, ಆದರೆ ಮೂರರಲ್ಲಿ ಎರಡು ಪಾಲು ತಿನ್ನೋದು ಎಸಿ.

ಈ ಕರೆಂಟು ಆಕಾಶದಿಂದ ಬರೋದಿಲ್ಲ. ಕೊಯ್ನಾದಲ್ಲಿ 1960 ಮೆಗಾವಾಟಿನ ಜಲವಿದ್ಯುತ್ ಕೇಂದ್ರ ಇದೆ, ನಿಜ. ಆದರೆ ಚಂದ್ರಪುರದಲ್ಲಿ 2920 ಮೆಗಾವಾಟಿನ ಕಲ್ಲಿದ್ದಲ ಕೇಂದ್ರವೂ ಇದೆ. ನಮ್ಮ ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಹೊಗೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೇಶದ ಕರೆಂಟಿನಲ್ಲಿ ಮುಕ್ಕಾಲು ಪಾಲಿನಷ್ಟು ಈಗಲೂ ಕಲ್ಲಿದ್ದಲಿನಿಂದಲೇ. ಸರಾಸರಿ ಹಿಡಿದರೆ ಒಂದು ಯೂನಿಟ್ಟಿಗೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್. ಅಂದರೆ ನಮ್ಮ ಸೊಸೈಟಿಯ ಒಂದು ಸಣ್ಣ ಜಿಮ್ಮು ತಿಂಗಳಿಗೆ ಒಂಬತ್ತು ನೂರು ಕಿಲೋಗೂ ಹೆಚ್ಚು ಉಗುಳುತ್ತದೆ. ಜಗತ್ತನ್ನು ಮುಳುಗಿಸುವಷ್ಟು ದೊಡ್ಡ ಪಾಪ ಅಲ್ಲ ಇದು. ಆದರೆ ಹೆಚ್ಚಿನ ಪಾಲು ಸುಮ್ಮನೆ ಹೋಗುವಂಥದ್ದು.

ಇದನ್ನು ಸೊಸೈಟಿಯ ಹುಡುಗರ ಹತ್ತಿರ ಹೇಳಿದೆ. ತಕ್ಷಣ ಒಬ್ಬ ಉತ್ಸಾಹಿ ಎಂಜಿನಿಯರ್ ಹೇಳಿದ, "ಕಾಕಾ, ಕರೆಂಟ್ ಹುಟ್ಟಿಸೋ ಸೈಕಲ್ ತರೋಣ! ನಾವೇ ತುಳಿದು ನಾವೇ ಕರೆಂಟ್ ಮಾಡೋಣ!" ಐಡಿಯಾ ಕೇಳಲಿಕ್ಕೆ ಬಹಳ ಚಂದ. ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ 2008ರಲ್ಲೇ 'ಗ್ರೀನ್ ಮೈಕ್ರೋಜಿಮ್' ಅಂತ ಇಂಥದ್ದೊಂದು ಶುರುವಾಗಿತ್ತು. 2015ರಲ್ಲಿ ಅಮೆರಿಕದಲ್ಲಿ ನೆಲೆಸಿದ ಉದ್ಯಮಿ ಮನೋಜ್ ಭಾರ್ಗವ ಅವರು ಹಳ್ಳಿಯ ಮನೆಗಳಿಗೆ ಪೆಡಲ್ ಕರೆಂಟಿನ ಸೈಕಲ್ ತೋರಿಸಿದಾಗಲೂ ಪೇಪರಿನಲ್ಲೆಲ್ಲ ಸುದ್ದಿಯೋ ಸುದ್ದಿ.

ಆದರೆ ಲೆಕ್ಕ ಏನು ಹೇಳುತ್ತದೆ? ನಮ್ಮ ನಿಮ್ಮಂಥ ಸಾಮಾನ್ಯ ಮನುಷ್ಯ ಒಂದು ತಾಸು ಎಡೆಬಿಡದೆ ತುಳಿದರೆ ಸಿಗೋದು 75 ವಾಟ್, ಗಟ್ಟಿಗನಾದರೆ 100. ಅಂದರೆ ಒಂದು ತಾಸಿನ ಬೆವರಿಗೆ ಒಂದು ಯೂನಿಟ್ಟಿನ ಹತ್ತನೇ ಒಂದು ಭಾಗ. ರೂಪಾಯಿಯಲ್ಲಿ ಹೇಳಬೇಕೆಂದರೆ ಹೆಚ್ಚೆಂದರೆ ಒಂದು ರೂಪಾಯಿ! ಅದರಲ್ಲಿ 9 ವಾಟಿನ ಒಂದು ಎಲ್‌ಇಡಿ ಬಲ್ಬು ಹನ್ನೊಂದು ತಾಸು ಉರಿಯುತ್ತದೆ. ಕರೆಂಟೇ ಇಲ್ಲದ ಗುಡಿಸಲಿಗೆ ಇದು ದೊಡ್ಡ ಮಾತು. ಎಸಿ ಹಾಕಿದ ಜಿಮ್ಮಿಗೆ?

ಇನ್ನೂ ಮಜಾ ಕೇಳಿ. ಒಂದೂವರೆ ಕಿಲೋವಾಟಿನ ಒಂದು ಎಸಿ ಓಡಿಸಲಿಕ್ಕೆ 75 ವಾಟಿನ ಇಪ್ಪತ್ತು ಜನ ಬೇಕು. ಮನುಷ್ಯನ ದೇಹ ತಾನು ಸುಡುವ ಶಕ್ತಿಯಲ್ಲಿ ಪೆಡಲ್ಲಿಗೆ ಕೊಡೋದು ಹೆಚ್ಚುಕಡಿಮೆ ಕಾಲು ಭಾಗಕ್ಕಿಂತ ಕಡಿಮೆ, ಉಳಿದದ್ದೆಲ್ಲ ಶಾಖ. 75 ವಾಟ್ ತುಳಿಯುವವನ ಮೈಯಿಂದ ಸುಮಾರು 265 ವಾಟ್ ಶಾಖ ಹೊರಬೀಳುತ್ತದೆ. ಇಪ್ಪತ್ತು ಜನರದ್ದು ಸೇರಿದರೆ 5.3 ಕಿಲೋವಾಟ್. ಒಂದೂವರೆ ಟನ್ನಿನ ಎಸಿ ಹೊರಹಾಕಬಲ್ಲ ಶಾಖ ಎಷ್ಟು ಗೊತ್ತೇ? ಅದೂ ಸುಮಾರು 5.3 ಕಿಲೋವಾಟೇ! ಅಂದರೆ ಇಪ್ಪತ್ತು ಜನ ಬೆವರು ಸುರಿಸಿ ತುಳಿದು ಹುಟ್ಟಿಸಿದ ಕರೆಂಟೆಲ್ಲ ಆ ಇಪ್ಪತ್ತು ಜನರ ಬಿಸಿಯನ್ನು ತಂಪು ಮಾಡಲಿಕ್ಕೇ ಸರಿಹೋಯಿತು. ಟ್ಯೂಬ್‌ಲೈಟಿಗೂ ಉಳಿಯಲಿಲ್ಲ. ಅದೇ ನಮ್ಮ ಟೆರೇಸಿನ ಮೇಲೆ ಒಂದು ಕಿಲೋವಾಟಿನ ಸೋಲಾರ್ ಹಾಕಿದರೆ, ಹತ್ತು ಚದರ ಮೀಟರ್ ಜಾಗದಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್. ಐವತ್ತಕ್ಕೂ ಹೆಚ್ಚು ಜನ ಒಂದೊಂದು ತಾಸು ತುಳಿದಷ್ಟು. ಅದಕ್ಕೇ ನಾನು ಆ ಹುಡುಗನಿಗೆ ಹೇಳಿದ್ದು: ತಮ್ಮಾ, ಹುಟ್ಟಿಸೋದು ಸೂರ್ಯನಿಗೆ ಬಿಡು, ಉಳಿಸೋದು ನಾವು ನೋಡಿಕೊಳ್ಳೋಣ.

ಅಂದ ಹಾಗೆ, ಈ ಟ್ರೆಡ್‌ಮಿಲ್ಲಿನ ಹುಟ್ಟು ಎಲ್ಲಿ ಗೊತ್ತೇ? ಜೈಲಿನಲ್ಲಿ! 1818ರಲ್ಲಿ ವಿಲಿಯಂ ಕ್ಯೂಬಿಟ್ ಎಂಬ ಇಂಗ್ಲಿಷ್ ಎಂಜಿನಿಯರ್ ಕೈದಿಗಳಿಗಾಗಿ ಮೆಟ್ಟಿಲುಗಳಿರುವ ದೊಡ್ಡ ಚಕ್ರ ಮಾಡಿಸಿದ. ಕೈದಿಗಳು ತಾಸುಗಟ್ಟಲೆ ಅದನ್ನು ತುಳಿಯಬೇಕು. ಕೆಲವು ಕಡೆ ಅದು ಕಾಳು ಬೀಸುತ್ತಿತ್ತು, ನೀರೆತ್ತುತ್ತಿತ್ತು. ಎಷ್ಟೋ ಕಡೆ ಏನೂ ಮಾಡುತ್ತಿರಲಿಲ್ಲ, ಸುಮ್ಮನೆ ತಿರುಗುತ್ತಿತ್ತು. 1895ರಲ್ಲಿ ಜೈಲು ಸೇರಿದ ಲೇಖಕ ಆಸ್ಕರ್ ವೈಲ್ಡ್ ಕೂಡ ಇದನ್ನು ತುಳಿದವನೇ. 1898ರ ಕಾಯ್ದೆಯ ನಂತರ ಈ ಶಿಕ್ಷೆ ನಿಂತಿತು. ಈಗ ನಾವು ತಿಂಗಳ ಫೀಸು ಕೊಟ್ಟು ತುಳಿಯುತ್ತಿದ್ದೇವೆ. ಅವರ ಚಕ್ರಕ್ಕೆ ಕರೆಂಟಾದರೂ ಬೇಕಿರಲಿಲ್ಲ.

ನಮ್ಮಲ್ಲಿ ಇದೇ ಕೆಲಸ ಬೇರೆ ಥರ ನಡೆಯುತ್ತಿತ್ತು. ಏತ ನೆನಪಿದೆಯಾ? ಕಂಬದ ಮೇಲೆ ಉದ್ದ ತೊಲೆ, ಒಂದು ತುದಿಗೆ ಬಾನಿ. ಆ ತೊಲೆಯ ಮೇಲೆ ಬರಿಗಾಲಲ್ಲಿ ಹಿಂದೆ ಮುಂದೆ ನಡೆಯುತ್ತ ಪದ ಹೇಳುತ್ತ ಬಾವಿಯಿಂದ ನೀರೆತ್ತುತ್ತಿದ್ದರು. ಅದೂ ಒಂದೇ ಜಾಗದಲ್ಲಿ ನಡೆಯೋದೇ, ಆದರೆ ತುದಿಗೆ ಒಂದು ತೋಟ ಹಸಿರಾಗುತ್ತಿತ್ತು. ಬೀಸುಕಲ್ಲು, ಒನಕೆ, ಕೊಡಲಿ ಎಲ್ಲ ಅಂಥವೇ. ಹಾಗಂತ ಎಲ್ಲರೂ ಬೀಸುಕಲ್ಲಿಗೆ ವಾಪಸ್ ಹೋಗಿ ಅಂತ ನಾನು ಹೇಳುತ್ತಿಲ್ಲ. ಅದನ್ನು ಬೀಸಿದ ನನ್ನ ಅವ್ವನ ಬೆನ್ನುನೋವು ನನಗೆ ಗೊತ್ತು. ಆಕೆಗೆ ಅದು ವ್ಯಾಯಾಮ ಅಲ್ಲ, ದುಡಿತ. ಹಳೆಯದೆಲ್ಲ ಬಂಗಾರ ಅನ್ನುವವರು ಒಮ್ಮೆ ಬೆಳಗಿನ ನಾಲ್ಕಕ್ಕೆದ್ದು ಐದು ಸೇರು ಜೋಳ ಬೀಸಲಿ, ಆಮೇಲೆ ಮಾತಾಡೋಣ.

ಆದರೆ ಹಳೆಯದರಲ್ಲಿ ತಗೊಳ್ಳುವಂಥದ್ದು ಒಂದಿದೆ, ಅದು ಗರಡಿ ಮನೆ. ನಮ್ಮ ಕಡೆ ತಾಲೀಮು ಅಂತೀವಿ, ಪುಣೆಯ ಪೇಟೆಗಳಲ್ಲೂ ತಾಲೀಮ್ ಅಂತಲೇ ಅನ್ನುತ್ತಾರೆ. ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡಿದ ಮಟ್ಟಿ. ಒಂದು ಗದೆ, ಒಂದು ಹಗ್ಗ, ಎತ್ತಲಿಕ್ಕೆ ಕಲ್ಲುಗುಂಡು. ದಂಡ, ಬಸ್ಕಿ ಹೊಡೆಯಲಿಕ್ಕೆ ಆರು ಅಡಿ ನೆಲ ಸಾಕು. ಕರೆಂಟಿನ ಮೀಟರೇ ಬೇಕಿಲ್ಲ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಈಗಲೂ ಸಂಗ್ರಾಣಿ ಕಲ್ಲು ಎತ್ತುವ ಪೈಲ್ವಾನರಿದ್ದಾರೆ. ಲಕ್ಷ್ಮೇಶ್ವರ, ತುಳಸಿಗಿರಿಯ ಹುಡುಗರು ಮಲ್ಲಕಂಬ ಏರೋದನ್ನು ನೋಡಿದವರಿಗೆ ಗೊತ್ತು, ಒಂದು ಮರದ ಕಂಬದಿಂದ ಎಂಥ ಮೈಕಟ್ಟು ಬರುತ್ತದೆ ಅಂತ. ಇಲ್ಲಿ ಪುಣೆಯಲ್ಲೇ ಕ್ಯಾಪ್ಟನ್ ಶಿವರಾಮಪಂತ ದಾಮ್ಲೆ ಅವರು 1924ರಲ್ಲಿ ಕಟ್ಟಿದ ಮಹಾರಾಷ್ಟ್ರೀಯ ಮಂಡಳ ಇದೆ, ಅದರ ಅಡಿಪಾಯವೇ ವ್ಯಾಯಾಮ.

ಬೆಂಗಳೂರಿನವರು ಕೆ.ವಿ. ಅಯ್ಯರ್ ಅವರನ್ನು ನೆನೆಯಬೇಕು. 'ಶಾಂತಲಾ', 'ರೂಪದರ್ಶಿ' ಕಾದಂಬರಿ ಬರೆದ ಅದೇ ಅಯ್ಯರ್. ಹರ್ಕ್ಯುಲಿಸ್ ಜಿಮ್ನಾಸಿಯಂ ನಡೆಸಿದ, ಅಂಚೆಯ ಮೂಲಕವೂ ಅಂಗಸಾಧನೆ ಕಲಿಸಿದ ಮನುಷ್ಯ. ಬಾರ್ಬೆಲ್ಲನ್ನೂ ಸೂರ್ಯನಮಸ್ಕಾರವನ್ನೂ ಜೊತೆಜೊತೆಗೆ ಇಟ್ಟುಕೊಂಡವರು. ಅವರ ಮೈಕಟ್ಟಿನ ಕಪ್ಪುಬಿಳುಪು ಫೋಟೋಗಳನ್ನು ಒಮ್ಮೆ ನೋಡಿ. ಅದರ ಹಿಂದೆ ಯಾವ ಎಸಿಯೂ ಇರಲಿಲ್ಲ.

ಈಗ ವಿರೋಧಿಗಳ ಮಾತು ಕೇಳೋಣ, ಅದರಲ್ಲೂ ನಮ್ಮ ಮನೆಯ ವಿರೋಧಿಯ ಮಾತು. "ಅಪ್ಪಾ, ನಿಮಗೇನು, ಬೆಳಿಗ್ಗೆ ಐದೂವರೆಗೆ ರೇಸ್ ಕೋರ್ಸಿಗೆ ಹೋಗ್ತೀರಿ. ನಾನು ಆಫೀಸಿನಿಂದ ಬರೋದು ರಾತ್ರಿ ಎಂಟೂವರೆಗೆ. ಆಗ ರಸ್ತೆಯಲ್ಲಿ ಓಡಲಾ? ಫುಟ್‌ಪಾತ್ ಎಲ್ಲಿದೆ ತೋರಿಸಿ" ಅಂತ ಮಗಳು ಕೇಳಿದಳು. ನೂರಕ್ಕೆ ನೂರು ಸರಿ. ಗರಡಿ ಮನೆಗಳು ಹೆಚ್ಚಾಗಿ ಗಂಡಸರದ್ದೇ ಆಗಿದ್ದವು. ಹೆಣ್ಣುಮಕ್ಕಳಿಗೆ ಯಾರೂ ದಿಟ್ಟಿಸದ, ದೀಪ ಇರುವ, ಬಾಗಿಲು ಇರುವ ಒಂದು ಜಾಗ ಸಿಕ್ಕಿದ್ದು ಈ ಜಿಮ್ಮಿನಲ್ಲೇ. ಚಳಿಗಾಲದಲ್ಲಿ ಪುಣೆಯ ರಸ್ತೆಯ ಹೊಗೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ, ಇವೂ ನಿಜವೇ. ಆದ್ದರಿಂದ "ಜಿಮ್ ಬಿಡಿ, ಬಯಲಿಗೆ ಬನ್ನಿ" ಅಂತ ಹೇಳಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ಬಯಲಿಗೆ ಹೋಗಬಲ್ಲವರು ಹೋಗಬೇಕು, ಉಳಿದವರಿಗೆ ಒಳ್ಳೆಯ ಜಿಮ್ ಬೇಕು. ಮತ್ತು ಫುಟ್‌ಪಾತಿನ ಮೇಲೆ ಬೈಕು ನಿಲ್ಲಿಸಿ ಟ್ರೆಡ್‌ಮಿಲ್ ಮೇಲೆ ನಡೆಯಲು ಹೋಗುವವರು ಒಮ್ಮೆ ತಮ್ಮ ಬೈಕನ್ನು ತಿರುಗಿ ನೋಡಬೇಕು.

ಬೈಕಿನ ಮಾತು ಬಂತಲ್ಲ, ಅದರ ಲೆಕ್ಕವೂ ನೋಡಿ. ಮೂರು ಕಿಲೋಮೀಟರ್ ದೂರದ ಜಿಮ್ಮಿಗೆ ಕಾರಿನಲ್ಲಿ ಹೋಗಿ ಬಂದರೆ ಲೀಟರಿಗೆ 12 ಕಿಲೋಮೀಟರಿನಂತೆ ಅರ್ಧ ಲೀಟರ್ ಪೆಟ್ರೋಲು. ಒಂದು ಲೀಟರಿಗೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್, ಅಂದರೆ ಒಂದು ಕಿಲೋಗೂ ಮೇಲೆ. ಟ್ರೆಡ್‌ಮಿಲ್ ಮೇಲೆ ಪೂರ್ತಿ ಒಂದು ತಾಸು ಓಡಿದರೆ ಅರ್ಧ ಕಿಲೋ. ಅಂದರೆ ಜಿಮ್ಮಿಗಿಂತ ಜಿಮ್ಮಿಗೆ ಹೋಗೋದೇ ದುಬಾರಿ! ಆ ಆರು ಕಿಲೋಮೀಟರ್ ನಡೆದೇ ಬಿಟ್ಟರೆ ಒಂದು ತಾಸಿನ ಮೇಲಿನ ವ್ಯಾಯಾಮ ಅಲ್ಲೇ ಮುಗಿಯುತ್ತದೆ. ಒಂದು ಕಾಲಕ್ಕೆ ಈ ಊರನ್ನು ಸೈಕಲ್ಲುಗಳ ನಗರ ಅಂತ ಕರೆಯುತ್ತಿದ್ದರು. 2017ರ ಕೊನೆಗೆ ಔಂಧ್ ಕಡೆ ಬಾಡಿಗೆ ಸೈಕಲ್ಲು ಬಂದಾಗ ಆ ದಿನಗಳು ಮರಳಿದವು ಅಂತ ಖುಷಿಪಟ್ಟೆವು, ಕೆಲವೇ ವರ್ಷದಲ್ಲಿ ಅವೂ ಕಾಣೆಯಾದವು. ಜಿಮ್ಮಿನೊಳಗಿನ ಸೈಕಲ್ಲು ಮಾತ್ರ ಎಲ್ಲೂ ಹೋಗಿಲ್ಲ, ಅದು ಎಲ್ಲೂ ಹೋಗೋದೂ ಇಲ್ಲ ಬಿಡಿ!

ಎಸಿಯ ವಿಷಯಕ್ಕೆ ಬರೋಣ. ನಾನು ಹೋಗುವ ಜಿಮ್ಮಿನಲ್ಲಿ ಡಿಸೆಂಬರಿನ ಬೆಳಿಗ್ಗೆ ಆರಕ್ಕೆ ಎಸಿ ಹದಿನೆಂಟರಲ್ಲಿ ಇರುತ್ತದೆ. ಹೊರಗೆ ಜನ ಸ್ವೆಟರ್ ಹಾಕಿಕೊಂಡು ಓಡಾಡುತ್ತಿರುತ್ತಾರೆ! ಆರಿಸಲು ಹೋದರೆ ಟ್ರೇನರ್ ಹುಡುಗ "ಕಾಕಾ, ಎಸಿ ಬಂದ್ ಕರೂ ನಕಾ, ಲೋಕ ಚಿಡ್ತಾತ್" ಅನ್ನುತ್ತಾನೆ. ಜನ ಸಿಟ್ಟಾಗುತ್ತಾರಂತೆ. ಬೆವರು ಸುರಿಸಲಿಕ್ಕೆ ಬಂದವರು ಬೆವರು ಬಂದರೆ ಸಿಟ್ಟಾಗೋದು! 2020ರ ಜನವರಿಯಿಂದ ಮಾರಾಟವಾಗುವ ಹೊಸ ಎಸಿಗಳು ಆನ್ ಮಾಡಿದೊಡನೆ 24 ಡಿಗ್ರಿಯಲ್ಲಿ ಶುರುವಾಗಬೇಕು ಅಂತ ಸರ್ಕಾರವೇ ನಿಯಮ ಮಾಡಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಆರು ಪರ್ಸೆಂಟ್ ಕರೆಂಟ್ ಉಳಿತಾಯ. ಕ್ಯಾಂಪಿನ ಕಟ್ಟಡಗಳಿಗೆ ದೊಡ್ಡ ಕಿಟಕಿಗಳಿವೆ, ಪುಣೆಗೆ ಸಂಜೆಯ ಗಾಳಿ ಇದೆ. ವರ್ಷದಲ್ಲಿ ಮಾರ್ಚ್‌ನಿಂದ ಜೂನ್ ಮೊದಲ ವಾರದ ತನಕ ಬಿಟ್ಟರೆ ಕಿಟಕಿ ತೆರೆದು ಫ್ಯಾನ್ ಹಾಕಿದರೆ ಸಾಕು. ರೇಸ್ ಕೋರ್ಸಿನಲ್ಲಿ ಲಕ್ಷಗಟ್ಟಲೆ ಬೆಲೆಯ ಕುದುರೆಗಳೇ ತೆರೆದ ಗಾಳಿಯಲ್ಲಿ ಓಡುತ್ತವೆ, ನಮಗೇನು ಧಾಡಿ?

ಇಷ್ಟು ಹೇಳಿದ ಮೇಲೆ ನಮ್ಮ ಸೊಸೈಟಿಗೆ ನಾನು ಬರೆದುಕೊಟ್ಟ ಪಟ್ಟಿ ಇದು:

1. ಕರೆಂಟಿನ ಟ್ರೆಡ್‌ಮಿಲ್ ಒಂದೇ ಸಾಕು. ಅದು ಮಂಡಿನೋವಿನ ಹಿರಿಯರಿಗೆ, ಆಪರೇಷನ್ ಆದವರಿಗೆ. ಉಳಿದವರಿಗೆ ಮೋಟಾರಿಲ್ಲದ ಬಾಗಿದ ಪಟ್ಟಿಯ ಟ್ರೆಡ್‌ಮಿಲ್ ಒಂದು, ಸಾದಾ ಸೈಕಲ್ ಎರಡು. ಮೋಟಾರಿಲ್ಲದ್ದರ ಮೇಲೆ ಕಾಲಿಗೆ ಕೆಲಸವೂ ಹೆಚ್ಚು.

2. ಎಸಿ ಬೇಸಿಗೆಯಲ್ಲಿ ಮಾತ್ರ, ಅದೂ 26ರಲ್ಲಿ. ಉಳಿದಂತೆ ಆರು ಬಿಎಲ್‌ಡಿಸಿ ಫ್ಯಾನು. ಹಳೇ ಫ್ಯಾನು 75 ವಾಟ್ ಎಳೆದರೆ ಇವು 30ರ ಆಸುಪಾಸು.

3. ಡಂಬೆಲ್ಲು, ಪ್ಲೇಟು, ರಾಡು ಹೊಸದು ಬೇಡ. ಕಬ್ಬಿಣ ಹಳಸೋದಿಲ್ಲ. ಬುಧವಾರ, ಭಾನುವಾರ ಪುಣೆಯ ಜುನಾ ಬಾಜಾರಿಗೆ ಹೋದರೆ ಹಳೇ ಕಬ್ಬಿಣ ಸಿಗುತ್ತದೆ. ಮುಚ್ಚಿಹೋದ ಜಿಮ್ಮುಗಳಂತೂ ಲೆಕ್ಕವಿಲ್ಲ.

4. ಟಿವಿ ಬೇಡ. (ಇದಕ್ಕೆ ಬಹಳ ವಿರೋಧ ಬರುತ್ತದೆ, ಗೊತ್ತು.)

5. ನೀರಿನ ಫಿಲ್ಟರ್ ಒಂದು, ಮನೆಯಿಂದ ಸ್ಟೀಲ್ ಬಾಟಲಿ. 2022ರ ಜುಲೈ 1ರಿಂದ ಒಂದೇ ಸಲ ಬಳಸಿ ಬಿಸಾಡುವ ಎಷ್ಟೋ ಪ್ಲಾಸ್ಟಿಕ್ ವಸ್ತುಗಳು ದೇಶದಲ್ಲಿ ನಿಷೇಧ ಆಗಿವೆ, ಆದರೆ ನೀರಿನ ಬಾಟಲಿ ಆ ಪಟ್ಟಿಯಲ್ಲಿಲ್ಲ. ಅದನ್ನು ನಾವೇ ನಿಲ್ಲಿಸಿಕೊಳ್ಳಬೇಕು.

6. ಪ್ರೋಟೀನ್ ಡಬ್ಬಿ ಅವರವರ ಇಷ್ಟ. ವೇ ಪೌಡರ್ ಚೀಸ್ ಮಾಡುವಾಗ ಉಳಿಯುವ ನೀರಿನಿಂದ ಆಗೋದು, ಅದನ್ನು ಚರಂಡಿಗೆ ಬಿಡೋದಕ್ಕಿಂತ ಕುಡಿಯೋದು ಒಳ್ಳೇದೇ. ಆದರೆ ತಿಂಗಳಿಗೊಂದು ಪ್ಲಾಸ್ಟಿಕ್ ಡಬ್ಬಿ ಬಿಸಾಡುವ ಮುಂಚೆ ಪುಟಾಣಿ, ಶೇಂಗಾ, ಮೊಳಕೆ ಬಂದ ಮಡಿಕೆ ಕಾಳನ್ನೂ ಒಮ್ಮೆ ನೆನೆಯಿರಿ.

ಈ ಪಟ್ಟಿಯಂತೆ ನಡೆದರೆ ಬೇಸಿಗೆ ಬಿಟ್ಟು ಉಳಿದ ತಿಂಗಳಲ್ಲಿ ಟ್ರೆಡ್‌ಮಿಲ್ಲಿಗೆ 105 ಯೂನಿಟ್, ಫ್ಯಾನಿಗೆ 54, ದೀಪಕ್ಕೆ ಒಂದು ಮೂವತ್ತೈದು. ಇನ್ನೂರರ ಒಳಗೆ! ಎಲ್ಲಿಯ 1320, ಎಲ್ಲಿಯ 200. ಅಷ್ಟನ್ನು ಟೆರೇಸಿನ ಮೇಲಿನ ಎರಡು ಕಿಲೋವಾಟ್ ಸೋಲಾರ್ ಆರಾಮಾಗಿ ಕೊಡುತ್ತದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಹೌಸಿಂಗ್ ಸೊಸೈಟಿಗಳ ಸಾರ್ವಜನಿಕ ಬಳಕೆಗೂ ಸಬ್ಸಿಡಿ ಇಟ್ಟಿದ್ದಾರೆ.

ಇದರಲ್ಲಿ ನನಗೆ ಇಂಗಾಲಕ್ಕಿಂತ ದೊಡ್ಡದಾಗಿ ಕಾಣೋದು ಇನ್ನೊಂದು ವಿಷಯ. ನಮ್ಮ ಬಿಲ್ಡಿಂಗಿನ ವಾಚ್‌ಮನ್ ಕಲಬುರಗಿ ಕಡೆಯವನು. ಅವನ ಮಗ ಪೊಲೀಸ್ ಭರತಿಗೆ ತಯಾರಿ ಮಾಡುತ್ತಿದ್ದಾನೆ. 1600 ಮೀಟರ್ ಓಟ, 100 ಮೀಟರ್ ಓಟ, ಗುಂಡು ಎಸೆತ. ಓಟಕ್ಕೆ ನೆಲ ಇದೆ, ಆದರೆ ಗುಂಡು ಎಸೆಯಲು ಬೇಕಾದ ತೋಳಿನ ಬಲಕ್ಕೆ ಇಟ್ಟಿಗೆಗೆ ಹಗ್ಗ ಕಟ್ಟಿಕೊಂಡು ಎತ್ತುತ್ತಾನೆ. ಅದೇ ಕಟ್ಟಡದ ನೆಲಮಹಡಿಯಲ್ಲಿ ನಾವು ಹದಿಮೂರು ಸಾವಿರದ ಕರೆಂಟು ಸುಡುವ ಜಿಮ್ ಮಾಡಿದರೆ, ಖರ್ಚು ಜಾಸ್ತಿ ಅಂತ ಮೆಂಬರುಗಳಿಗೆ ಮಾತ್ರ ಅಂತ ಬೋರ್ಡು ಹಾಕುತ್ತೇವೆ. ಎರಡು ಸಾವಿರದ ಜಿಮ್ ಮಾಡಿದರೆ ಆ ಹುಡುಗನನ್ನು, ನಾಲ್ಕನೇ ಮಹಡಿಗೆ ಕೆಲಸಕ್ಕೆ ಬರುವ ತಾಯಿಯ ಮಗಳನ್ನು ಒಳಗೆ ಬಿಡಲು ಯಾರಿಗೂ ಹೊಟ್ಟೆ ಉರಿಯಬೇಕಿಲ್ಲ. ಈ ಮಾತನ್ನೂ ಪಟ್ಟಿಯ ಕೊನೆಗೆ ಏಳನೆಯದಾಗಿ ಸೇರಿಸಿದ್ದೇನೆ. ಕೆಲವರು ಮೂಗು ಮುರಿದಿದ್ದಾರೆ, ಇಬ್ಬರು ಸಹಿ ಹಾಕಿದ್ದಾರೆ. ಒಟ್ಟು ಇಪ್ಪತ್ತೆರಡು ಮನೆ, ಇನ್ನೂ ಹತ್ತಾದರೂ ಬೇಕು.

ಮುಂಬಯಿ, ಹೈದರಾಬಾದ್, ದಿಲ್ಲಿಯಲ್ಲಿರುವ ಕನ್ನಡದ ಗೆಳೆಯರೇ, ನಿಮ್ಮ ಅಪಾರ್ಟ್‌ಮೆಂಟಿನ ಜಿಮ್ಮಿನ ಮೀಟರ್ ಎಷ್ಟು ಓಡುತ್ತದೆ, ಒಮ್ಮೆ ಬಗ್ಗಿ ನೋಡಿ. ಎಸಿ ಇಲ್ಲದೆ ಚೆನ್ನಾಗಿ ನಡೆಯುತ್ತಿರುವ ಜಿಮ್ ನಿಮ್ಮೂರಲ್ಲಿದ್ದರೆ ತಿಳಿಸಿ. ಸಭೆ ಇರೋದು ಮುಂದಿನ ತಿಂಗಳು, ಉದಾಹರಣೆ ಎಷ್ಟಿದ್ದರೂ ಬೇಕು. ಏನಂತೀರಿ?